ಯಾಕುತಿಯಾ: ಹೆಪ್ಪುಗಟ್ಟಿದ ನೆಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೋರ್ಸಿಂಗ್ ನುಡಿಸುತ್ತೇನೆ, ಬಾಯಿಗಿಟ್ಟು ಬೆರಳಿನಿಂದ ಮೀಟುವ ಪುಟ್ಟ ಕಬ್ಬಿಣದ ವಾದ್ಯ ಅದು. ಕೆಲವು ವರ್ಷಗಳ ಹಿಂದೆ ಮೋರ್ಸಿಂಗ್ ವಿಡಿಯೋ ಹುಡುಕುತ್ತಾ ಕೂತಿದ್ದಾಗ, ತುಪ್ಪಳದ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು ಹಿಮದಲ್ಲಿ ನಿಂತು ಅದೇ ವಾದ್ಯ ನುಡಿಸುವುದು ಕಣ್ಣಿಗೆ ಬಿತ್ತು. ಕುದುರೆ ಕೆನೆಯುವ ಸದ್ದು, ಗಾಳಿಯ ಸದ್ದು, ನೀರು ತೊಟ್ಟಿಕ್ಕುವ ಸದ್ದು, ಎಲ್ಲ ಅದೊಂದೇ ಕಬ್ಬಿಣದ ನಾಲಗೆಯಿಂದ. ಆ ಜಾಗ ಯಾವುದು ಅಂತ ಹುಡುಕಿ, ಯಾಕುತಿಯಾ ಅಂತ ತಿಳಿದವನು ಇವತ್ತಿನವರೆಗೂ ಅದರ ಬಗ್ಗೆ ಓದುವುದನ್ನು ಬಿಟ್ಟಿಲ್ಲ. ಒಂದು ಸಲ ಮಾರ್ಚ್ ತಿಂಗಳಲ್ಲಿ ಹೋಗಿಯೂ ಬಂದೆ. ಬಂದಾಗಿನಿಂದ ಮನೆಯವರು, ಸ್ನೇಹಿತರು, ಕಚೇರಿಯಲ್ಲಿ ಜೊತೆಗಿರುವವರು ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೆ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ. ಮನೆ, ರಸ್ತೆ, ಕುಡಿಯುವ ನೀರು, ವಜ್ರ, ಯಾವುದರ ಬಗ್ಗೆ ಕೇಳಿದರೂ ಮಾತು ಕೊನೆಗೆ ಕಾಲ ಕೆಳಗಿನ ನೆಲಕ್ಕೇ ಬಂದು ನಿಲ್ಲುತ್ತದೆ.

ಯಾಕುತಿಯಾ ಎಲ್ಲಿದೆ? ಎಷ್ಟು ದೊಡ್ಡದು?

ರಷ್ಯಾದ ಪೂರ್ವ ಭಾಗದಲ್ಲಿ, ಸೈಬೀರಿಯಾದ ಆಚೆ ತುದಿಯಲ್ಲಿ. ವಿಸ್ತೀರ್ಣ ಸುಮಾರು 30.8 ಲಕ್ಷ ಚದರ ಕಿಲೋಮೀಟರ್. ಇಡೀ ಭಾರತಕ್ಕಿಂತ ಸ್ವಲ್ಪವೇ ಚಿಕ್ಕದು, ನಮ್ಮ ಕರ್ನಾಟಕದಂಥ 16 ರಾಜ್ಯ ಅದರೊಳಗೆ ಹಿಡಿಯುತ್ತವೆ. ಅಷ್ಟು ಜಾಗದಲ್ಲಿ ಇರುವ ಜನ ಸುಮಾರು 10 ಲಕ್ಷ, ಅಷ್ಟೇ. ಅದರಲ್ಲೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ರಾಜಧಾನಿ ಯಾಕುತ್ಸ್ಕ್‌ನಲ್ಲಿ ಇದ್ದಾರೆ. ಉಳಿದ ನೆಲದಲ್ಲಿ ಕಾಡು, ನದಿ, ಕೆರೆ, ಬೆಟ್ಟ. ಒಂದೇ ರಾಜ್ಯದೊಳಗೆ ಮೂರು ಸಮಯ ವಲಯಗಳಿವೆ, ಅಂದರೆ ಒಂದು ಊರಿನಲ್ಲಿ ಮಧ್ಯಾಹ್ನ 12 ಆದರೆ ಅದೇ ರಾಜ್ಯದ ಇನ್ನೊಂದು ಊರಿನಲ್ಲಿ 2 ಗಂಟೆ. ಮಾಸ್ಕೋದಿಂದ ವಿಮಾನದಲ್ಲಿ ಆರು ಗಂಟೆ ಹಾರಿದರೂ ಇನ್ನೂ ರಷ್ಯಾದೊಳಗೇ ಇರುತ್ತೀರಿ.

ಯಾಕುತಿಯಾ ಅಂತಾರೆ, ಸಾಖಾ ಅಂತಾರೆ. ಯಾವುದು ಸರಿ?

ಎರಡೂ ಸರಿ. ಸಾಖಾ ಅನ್ನುವುದು ಅಲ್ಲಿನ ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಯಾಕೂತ್ ಅಂತ ಕರೆದಿದ್ದು ಹೊರಗಿನವರು. ಸರ್ಕಾರಿ ಹೆಸರಲ್ಲಿ ಎರಡನ್ನೂ ಇಟ್ಟುಕೊಂಡಿದ್ದಾರೆ: ಸಾಖಾ ಗಣರಾಜ್ಯ, ಯಾಕುತಿಯಾ.

ನಿಜವಾಗಲೂ ಮೈನಸ್ 60 ಡಿಗ್ರಿ ಇರುತ್ತಾ?

ಇರುತ್ತದೆ, ಆದರೆ ಎಲ್ಲ ಕಡೆ ಅಲ್ಲ, ದಿನಾ ಅಲ್ಲ. ವೆರ್ಖೋಯಾನ್ಸ್ಕ್ ಅನ್ನುವ ಪುಟ್ಟ ಊರಿನಲ್ಲಿ 1892ರ ಫೆಬ್ರವರಿಯಲ್ಲಿ ಮೈನಸ್ 67.8 ಅಳೆದಿದ್ದಾರೆ. ಓಯ್ಮ್ಯಕೋನ್‌ನಲ್ಲಿ 1933ರ ಫೆಬ್ರವರಿ 6ರಂದು ಮೈನಸ್ 67.7. ಎರಡೂ ಊರಿನವರು ನಮ್ಮದೇ ಹೆಚ್ಚು ಅಂತ ಇವತ್ತಿಗೂ ಪೈಪೋಟಿ ನಡೆಸುತ್ತಾರೆ. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಇದಕ್ಕಿಂತ ಕಡಿಮೆ ಹೋಗಿದೆ, ಆದರೆ ಅಲ್ಲಿ ತೊಟ್ಟಿಲು ತೂಗುವ ಮನೆಗಳಿಲ್ಲ, ಶಾಲೆ ಇಲ್ಲ, ಹಸು ಕರು ಇಲ್ಲ. ಇಲ್ಲಿ ಇವೆ.

ರಾಜಧಾನಿ ಯಾಕುತ್ಸ್ಕ್‌ನಲ್ಲಿ ಜನವರಿ ಸರಾಸರಿಯೇ ಮೈನಸ್ 37ರ ಆಸುಪಾಸು. ಮೂರು ಲಕ್ಷಕ್ಕೂ ಮೇಲೆ ಜನ ಇರುವ ಬೇರೆ ಯಾವ ನಗರವೂ ಇಷ್ಟು ತಣ್ಣಗಿಲ್ಲ. ನಾನು ಹೋದ ಮಾರ್ಚ್‌ನಲ್ಲಿ ಬೆಳಗ್ಗೆ ಮೈನಸ್ 28 ಇತ್ತು. ಉಳಿದುಕೊಂಡಿದ್ದ ಮನೆಯ ಅಜ್ಜಿ ಕಿಟಕಿ ನೋಡಿ "ವಸಂತ ಬಂತು" ಅಂದರು. ಅವರು ಮನಸ್ಸಿನಿಂದಲೇ ಹೇಳಿದ್ದು.

ಉತ್ತರ ಧ್ರುವ ಇನ್ನೂ ಮೇಲಿದೆಯಲ್ಲ, ಅಲ್ಲಿಗಿಂತ ಇಲ್ಲೇ ಚಳಿ ಯಾಕೆ ಜಾಸ್ತಿ?

ಧ್ರುವದ ಮಂಜುಗಡ್ಡೆಯ ಕೆಳಗೆ ಸಮುದ್ರ ಇದೆ. ಸಮುದ್ರದ ನೀರು ಎಷ್ಟೇ ತಣ್ಣಗಿದ್ದರೂ ಮೈನಸ್ 2ರ ಹತ್ತಿರವೇ ಇರುತ್ತದೆ, ಅದರ ಬಿಸುಪು ಮೇಲೆ ಬರುತ್ತಲೇ ಇರುತ್ತದೆ. ಯಾಕುತಿಯಾಕ್ಕೆ ಆ ಭಾಗ್ಯ ಇಲ್ಲ. ಪೆಸಿಫಿಕ್ ಕಡೆಯಿಂದ ಬರುವ ಗಾಳಿಯನ್ನು ಬೆಟ್ಟಸಾಲು ತಡೆಯುತ್ತದೆ, ಅಟ್ಲಾಂಟಿಕ್ ಸಾವಿರಾರು ಕಿಲೋಮೀಟರ್ ದೂರ. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ಭಾರಿ ಒತ್ತಡದ ಗಾಳಿ ಬಂದು ಕೂತುಬಿಡುತ್ತದೆ. ಮೋಡ ಇಲ್ಲ, ಗಾಳಿ ಬೀಸುವುದಿಲ್ಲ, ಡಿಸೆಂಬರ್‌ನಲ್ಲಿ ಹಗಲು ಬಹಳ ಚಿಕ್ಕದು. ಉದ್ದದ ರಾತ್ರಿಯಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ. ತಣ್ಣನೆ ಗಾಳಿ ಭಾರ, ಅದು ನೀರಿನ ಹಾಗೆ ಇಳಿಜಾರಿನಲ್ಲಿ ಇಳಿದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ವೆರ್ಖೋಯಾನ್ಸ್ಕ್, ಓಯ್ಮ್ಯಕೋನ್ ಎರಡೂ ಅಂಥ ಬಟ್ಟಲಿನ ತಳದಲ್ಲಿರುವ ಊರುಗಳು. ಅಲ್ಲಿ ಬೆಟ್ಟ ಹತ್ತಿದರೆ ಚಳಿ ಕಮ್ಮಿಯಾಗುತ್ತದೆ, ಮಡಿಕೇರಿಗೆ ಹೋದಾಗ ಆಗುವುದಕ್ಕೆ ಪೂರ್ತಿ ಉಲ್ಟಾ.

ಅಲ್ಲಿ ಬೇಸಿಗೆ ಅಂತ ಇದೆಯಾ?

ಚಿಕ್ಕದು, ಆದರೆ ಜೋರಾಗಿದೆ. ಜುಲೈನಲ್ಲಿ ಯಾಕುತ್ಸ್ಕ್‌ನಲ್ಲಿ 30 ಡಿಗ್ರಿ ದಾಟುವ ದಿನಗಳಿವೆ, ಜನ ನದಿಯಲ್ಲಿ ಈಜುತ್ತಾರೆ, ರಾತ್ರಿ ಅನ್ನುವುದು ಸರಿಯಾಗಿ ಆಗುವುದೇ ಇಲ್ಲ. ಸೊಳ್ಳೆ ಮಾತ್ರ ವಿಪರೀತ. ಮಳೆ ವರ್ಷಕ್ಕೆ ಸುಮಾರು 240 ಮಿಲಿಮೀಟರ್, ಅಂದರೆ ನಮ್ಮ ಚಳ್ಳಕೆರೆಯಲ್ಲಿ ಬೀಳುವುದಕ್ಕಿಂತಲೂ ಕಮ್ಮಿ. ಹಾಗಿದ್ದರೂ ಎಲ್ಲಿ ನೋಡಿದರೂ ಕಾಡು! ಕಾರಣ ಮತ್ತೆ ನೆಲವೇ. ಕೆಳಗೆ ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ಬಿದ್ದ ಅಷ್ಟಿಷ್ಟು ನೀರು ಇಂಗಿ ಹೋಗದೆ ಮೇಲ್ಪದರದಲ್ಲೇ ಉಳಿಯುತ್ತದೆ, ಲಾರ್ಚ್ ಮರಗಳ ಬೇರು ಅದನ್ನು ಹೀರುತ್ತವೆ.

ನೆಲ ಹೆಪ್ಪುಗಟ್ಟಿದೆ ಅಂದರೆ ಏನು? ಮೇಲೆ ಹಿಮ ಬಿದ್ದಿರುತ್ತದೆ ಅಂತಲಾ?

ಇಲ್ಲ, ಮಣ್ಣೇ ಹೆಪ್ಪುಗಟ್ಟಿದೆ. ಇದಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ. ಅದರ ಕೆಳಗಿನದು ಸಾವಿರಾರು ವರ್ಷಗಳಿಂದ ಕರಗಿಲ್ಲ.

ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. 1828ರಲ್ಲಿ ಯಾಕುತ್ಸ್ಕ್‌ನಲ್ಲಿ ಫ್ಯೋದರ್ ಶೆರ್ಗಿನ್ ಅನ್ನುವ ವ್ಯಾಪಾರಿ ನೀರಿಗಾಗಿ ಬಾವಿ ತೋಡಿಸಲು ಶುರು ಮಾಡಿದ. ತೋಡಿದಷ್ಟೂ ಹೆಪ್ಪುಗಟ್ಟಿದ ಮಣ್ಣೇ. ನಾವಾಗಿದ್ದರೆ ನಾಲ್ಕನೇ ಬೋರ್‌ವೆಲ್ ಒಣಗಿದಾಗ ಸುಮ್ನಾಗುತ್ತಿದ್ದೆವೇನೋ, ಅವನು ಬಿಡಲಿಲ್ಲ. 1837ರ ಹೊತ್ತಿಗೆ ಬಾವಿ 116 ಮೀಟರ್ ಇಳಿದಿತ್ತು, ಒಂದು ತೊಟ್ಟು ನೀರು ಸಿಕ್ಕಿರಲಿಲ್ಲ. ಆಮೇಲೆ 1840ರ ದಶಕದಲ್ಲಿ ಮಿಡೆನ್‌ಡಾರ್ಫ್ ಅನ್ನುವ ವಿಜ್ಞಾನಿ ಅದೇ ಬಾವಿಯೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣಾಂಶ ಅಳೆದ. ನೆಲ ಅಷ್ಟು ಆಳದವರೆಗೂ ಹೆಪ್ಪುಗಟ್ಟಿರಬಲ್ಲದು ಅಂತ ಯುರೋಪಿನ ಪಂಡಿತರು ನಂಬಿದ್ದು ಆಗ. ನೀರು ಸಿಗದ ಬಾವಿಯಿಂದ ಒಂದು ವಿಜ್ಞಾನವೇ ಹುಟ್ಟಿತು ಅಂದರೂ ತಪ್ಪಿಲ್ಲ. ಈಗ ಅದೇ ಊರಿನಲ್ಲಿ ಹೆಪ್ಪುಗಟ್ಟಿದ ನೆಲವನ್ನೇ ಅಧ್ಯಯನ ಮಾಡುವ ಮೆಲ್ನಿಕೋವ್ ಸಂಸ್ಥೆ ಇದೆ. ಯಾಕುತಿಯಾದ ಕೆಲವು ಕಡೆ ಈ ಹೆಪ್ಪು ಒಂದು ಕಿಲೋಮೀಟರ್‌ಗಿಂತಲೂ ಆಳಕ್ಕೆ ಹೋಗುತ್ತದೆ.

ಹಾಗಾದರೆ ಮನೆ ಹೇಗೆ ಕಟ್ಟುತ್ತಾರೆ?

ಮನೆಯನ್ನು ನೆಲಕ್ಕೆ ತಾಗಿಸದೆ ಕಟ್ಟುತ್ತಾರೆ. ಮನೆಯೊಳಗೆ ಬೆಚ್ಚಗಿರಬೇಕು, ಆದರೆ ಆ ಬಿಸಿ ನೆಲಕ್ಕೆ ಇಳಿದರೆ ಮಣ್ಣು ಕರಗಿ ಗೋಡೆ ಬಿರುಕು ಬಿಡುತ್ತದೆ. ಅದಕ್ಕೆ ನೆಲದಲ್ಲಿ ಆಳವಾಗಿ ತೂತು ಕೊರೆದು ಕಾಂಕ್ರೀಟ್ ಕಂಬ ಇಳಿಸುತ್ತಾರೆ. ಕಂಬದ ಸುತ್ತ ಮಣ್ಣು ಮತ್ತೆ ಹೆಪ್ಪುಗಟ್ಟಿ ಅದನ್ನು ಸಿಮೆಂಟಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಕಂಬಗಳ ಮೇಲೆ ಕಟ್ಟಡ, ಕೆಳಗೆ ಆಳೆತ್ತರದ ಖಾಲಿ ಜಾಗ. ಚಳಿಗಾಲದ ಗಾಳಿ ಆ ಖಾಲಿ ಜಾಗದಲ್ಲಿ ಓಡಾಡುತ್ತಾ ನೆಲವನ್ನು ತಣ್ಣಗಿಡುತ್ತದೆ. ಒಂಬತ್ತು ಮಹಡಿಯ ಅಪಾರ್ಟ್‌ಮೆಂಟುಗಳೂ ಹೀಗೇ ಕಾಲ ಮೇಲೆ ನಿಂತಿವೆ.

ಹಳೆಯ ಕಾಲದ ಸಾಖಾ ಮನೆಗೆ ಬಲಗಾನ್ ಅನ್ನುತ್ತಾರೆ. ಒಳಕ್ಕೆ ವಾಲಿಸಿ ನಿಲ್ಲಿಸಿದ ಮರದ ದಿಮ್ಮಿಗಳ ಗೋಡೆ, ಅದರ ಮೇಲೆ ಮಣ್ಣು ಮತ್ತು ಸಗಣಿಯ ಮೆತ್ತನೆ. ಪಕ್ಕಕ್ಕೆ ಅಂಟಿಕೊಂಡೇ ಕೊಟ್ಟಿಗೆ, ಹಸುಗಳ ಮೈಬಿಸಿಯೂ ಮನೆಗೆ ಬರಲಿ ಅಂತ. ಮ್ಯೂಸಿಯಂನಲ್ಲಿ ಆ ಗೋಡೆ ಮುಟ್ಟಿ ನೋಡಿದಾಗ ನಮ್ಮ ಅಜ್ಜಿಯ ಊರಿನ ಹಟ್ಟಿ ನೆನಪಾಗಿ ಒಂದು ಕ್ಷಣ ಅಲ್ಲೇ ನಿಂತುಬಿಟ್ಟೆ.

ನೀರು? ಪೈಪ್ ಒಡೆದು ಹೋಗಲ್ವಾ?

ಪೈಪ್ ಹೂಳುವ ಹಾಗಿಲ್ಲ. ಆದ್ದರಿಂದ ನೀರು, ಬಿಸಿನೀರು, ಗ್ಯಾಸ್ ಎಲ್ಲ ಪೈಪುಗಳೂ ದಪ್ಪನೆಯ ಹೊದಿಕೆ ಸುತ್ತಿಕೊಂಡು ನೆಲದ ಮೇಲೇ ಊರು ತುಂಬ ಓಡುತ್ತವೆ, ರಸ್ತೆ ಬಂದ ಕಡೆ ಕಮಾನಿನ ಹಾಗೆ ಮೇಲೆದ್ದು ದಾಟುತ್ತವೆ. ನೋಡಲು ಚೆಂದ ಅಲ್ಲ, ಬೇರೆ ದಾರಿಯೂ ಇಲ್ಲ.

ಹಳ್ಳಿಗಳಲ್ಲಿ ಬೇರೆ ರೀತಿ. ನವೆಂಬರ್ ಸುಮಾರಿಗೆ ಕೆರೆಯ ಮಂಜು ಸಾಕಷ್ಟು ದಪ್ಪವಾದಾಗ ಮನೆಯವರು, ನೆಂಟರು ಎಲ್ಲ ಸೇರಿ ಮಂಜನ್ನು ಗರಗಸದಲ್ಲಿ ಚಪ್ಪಡಿಗಳಂತೆ ಕೊಯ್ದು ತರುತ್ತಾರೆ. ಅಂಗಳದಲ್ಲಿ ಜೋಡಿಸಿಟ್ಟರೆ ಅದೇ ಚಳಿಗಾಲದ ನೀರು. ಬೇಕಾದಾಗ ಒಂದು ತುಂಡು ಒಳಗೆ ತಂದು ಕರಗಿಸುವುದು. ಬೇಸಿಗೆಗೂ ಉಳಿಯಲಿ ಅಂತ ಸ್ವಲ್ಪ ನೆಲಮಾಳಿಗೆಗೆ ಇಳಿಸುತ್ತಾರೆ. ಆ ಮಾಳಿಗೆಗೆ ಬುಲೂಸ್ ಅಂತ ಹೆಸರು, ಕರೆಂಟ್ ಬೇಡದ ಫ್ರಿಜ್ ಅದು, ಮಾಂಸ ಮೀನು ಎಲ್ಲ ಅಲ್ಲೇ.

ದಿನದ ಬದುಕು ಹೇಗೆ? ಮಕ್ಕಳು ಶಾಲೆಗೆ ಹೋಗ್ತಾರಾ?

ಹೋಗುತ್ತಾರೆ. ಸುಮಾರು ಮೈನಸ್ 45 ದಾಟಿದರೆ ಚಿಕ್ಕ ತರಗತಿಯವರಿಗೆ ರಜೆ, ಇನ್ನೂ ಇಳಿದರೆ ದೊಡ್ಡವರಿಗೂ. ಮೈನಸ್ 40ರ ಕೆಳಗೆ ಊರಿಗೆಲ್ಲ ಮಂಜಿನ ಹೊಗೆ ಕವಿಯುತ್ತದೆ, ಕಾರಿನ ಹೊಗೆ, ಒಲೆಯ ಹೊಗೆ, ಜನರ ಉಸಿರು ಎಲ್ಲ ಗಾಳಿಯಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಹತ್ತಡಿ ಮುಂದೆ ಯಾರಿದ್ದಾರೆ ಕಾಣುವುದಿಲ್ಲ. ಕಾರಿನ ಕಿಟಕಿಗೆ ಎರಡನೇ ಗಾಜು ಅಂಟಿಸುತ್ತಾರೆ. ಬೆಚ್ಚಗಿನ ಗ್ಯಾರೇಜ್ ಇಲ್ಲದವರು ಕಾರಿಗೆ ದಪ್ಪ ಕೌದಿಯಂಥ ಹೊದಿಕೆ ಹೊದಿಸುತ್ತಾರೆ, ಎಂಜಿನ್ ಆಫ್ ಮಾಡದೆ ಅಂಗಡಿಗೆ ಹೋಗಿ ಬರುತ್ತಾರೆ. ಕಾಲಿಗೆ ಹಿಮಸಾರಂಗದ ಚರ್ಮದ ಬೂಟು, ಎಷ್ಟು ಹಗುರ ಅಂದರೆ ಹಾಕಿಕೊಂಡಿದ್ದೇ ಗೊತ್ತಾಗುವುದಿಲ್ಲ. ನಾನು ಬೆಂಗಳೂರಿನಿಂದ ಒಯ್ದಿದ್ದ ದುಬಾರಿ ಶೂ ಅರ್ಧ ಗಂಟೆಯಲ್ಲಿ ಕಲ್ಲಾಯಿತು. ಫೋನಂತೂ ಜೇಬಿನಿಂದ ತೆಗೆದ ಐದು ನಿಮಿಷಕ್ಕೆ ಆಫ್.

ಏನು ತಿನ್ನುತ್ತಾರೆ? ಸಸ್ಯಾಹಾರಿಗಳ ಗತಿ?

ಮೀನು, ಕುದುರೆ ಮಾಂಸ, ಹಿಮಸಾರಂಗ, ಹಾಲು, ಕೆನೆ, ಬೆರ್ರಿ ಹಣ್ಣು. ನದಿ ಮೀನನ್ನು ಹಿಡಿದ ತಕ್ಷಣ ಹೆಪ್ಪುಗಟ್ಟಿಸಿ, ಚೂಪು ಚಾಕುವಿನಿಂದ ಬಡಗಿ ಮರ ಹೆರೆದ ಹಾಗೆ ತೆಳ್ಳಗೆ ಹೆರೆದು, ಉಪ್ಪು ಮೆಣಸಿನಲ್ಲಿ ಅದ್ದಿ ಹಸಿಯಾಗಿಯೇ ತಿನ್ನುವುದಕ್ಕೆ ಸ್ತ್ರೊಗನೀನಾ ಅನ್ನುತ್ತಾರೆ. ಸಂತೆಯಲ್ಲಿ ಮೀನುಗಳನ್ನು ಸೌದೆಯ ಹಾಗೆ ಬಾಲದ ಮೇಲೆ ನಿಲ್ಲಿಸಿ ಮಾರುತ್ತಾರೆ. ಕುದುರೆ ಹಾಲು ಹುಳಿಬರಿಸಿದ ಕುಮಿಸ್ ಹಬ್ಬದ ಪಾನೀಯ. ಕೆನೆ ಕಡೆದು ಬೆರ್ರಿ ಬೆರೆಸಿದ ಕ್ಯುಯೆರ್ಚೆಖ್ ಅನ್ನುವ ತಿನಿಸನ್ನು ನೀವು ತಿಂದರೆ ಬಿಡುವುದಿಲ್ಲ. ಸಸ್ಯಾಹಾರಿಗಳು ನಗರದಲ್ಲಿ ಬ್ರೆಡ್ಡು, ಆಲೂಗಡ್ಡೆ, ಹಾಲು ಮೊಸರಿನಲ್ಲಿ ನಿಭಾಯಿಸಬಹುದು, ಹಳ್ಳಿಯಲ್ಲಿ ಕಷ್ಟ. ಅಲ್ಲಿ ತರಕಾರಿ ಇಲ್ಲದಿರುವುದು ಜನರ ಹಟ ಅಲ್ಲ, ನೆಲ ಕೊಡುವುದೇ ಅಷ್ಟು.

ಅಲ್ಲಿನ ಜನ ಯಾರು? ರಷ್ಯನ್ನರಾ?

ಈಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಖಾ ಜನ. ಅವರ ಮಾತು ತುರ್ಕಿ ಭಾಷೆಗಳ ಕುಟುಂಬದ್ದು. ಅವರ ಹಿರಿಯರು ಬೈಕಾಲ್ ಸರೋವರದ ಕಡೆಯಿಂದ ದನ ಕುದುರೆ ಹೊಡೆದುಕೊಂಡು ಉತ್ತರಕ್ಕೆ ಬಂದವರು. ಯೋಚಿಸಿ ನೋಡಿ, ಮೈನಸ್ 50ರಲ್ಲಿ ಹೈನುಗಾರಿಕೆ! ಯಾಕೂತ್ ಕುದುರೆ ಗಿಡ್ಡ, ಮೈತುಂಬ ಉದ್ದ ರೋಮ, ಚಳಿಗಾಲವಿಡೀ ಬಯಲಲ್ಲೇ ಇದ್ದು ಗೊರಸಿನಿಂದ ಹಿಮ ಕೆದರಿ ಹುಲ್ಲು ಹುಡುಕುತ್ತದೆ.

ಇವರಿಗಿಂತ ಮೊದಲಿನಿಂದ ಇರುವವರು ಎವೆಂಕಿ, ಎವೆನ್, ಯುಕಗೀರ್ ಮುಂತಾದ ಸಣ್ಣ ಜನಾಂಗದವರು. ಹಿಮಸಾರಂಗ ಮೇಯಿಸುವುದು, ಬೇಟೆ, ಮೀನು ಅವರ ಬದುಕು. ಯುಕಗೀರ್ ಭಾಷೆ ಆಡುವವರು ಈಗ ಬೆರಳೆಣಿಕೆಯಷ್ಟು.

ರಷ್ಯನ್ನರು ಬಂದಿದ್ದು ತುಪ್ಪಳಕ್ಕಾಗಿ. 1632ರಲ್ಲಿ ಪ್ಯೋತರ್ ಬೆಕೆತೋವ್ ಲೇನಾ ನದಿ ದಡದಲ್ಲಿ ಕೋಟೆ ಕಟ್ಟಿದ, ಅದೇ ಮುಂದೆ ಯಾಕುತ್ಸ್ಕ್ ಆಯಿತು. ಮನೆಮನೆಯಿಂದ ಸೇಬಲ್ ಪ್ರಾಣಿಯ ತುಪ್ಪಳವನ್ನು ಕಂದಾಯವಾಗಿ ವಸೂಲಿ ಮಾಡಿದರು. ಝಾರ್ ದೊರೆಗಳ ಕಾಲದಲ್ಲಿ ಬಂಡಾಯಗಾರರನ್ನು ಗಡಿಪಾರು ಮಾಡುತ್ತಿದ್ದದ್ದು ಇಲ್ಲಿಗೆ. ಸ್ಟಾಲಿನ್ ಕಾಲದಲ್ಲಿ ಕೈದಿಗಳಿಂದ ಕೊಲಿಮಾ ರಸ್ತೆ ಮಾಡಿಸಿದರು. ಸುಮಾರು 2000 ಕಿಲೋಮೀಟರ್ ರಸ್ತೆ, ಎಷ್ಟು ಜನ ಸತ್ತರು ಅಂದರೆ ಇವತ್ತಿಗೂ ಅದನ್ನು ಮೂಳೆಗಳ ರಸ್ತೆ ಅಂತಲೇ ಕರೆಯುತ್ತಾರೆ. ಆಮೇಲೆ ಗಣಿ ಕೆಲಸಕ್ಕೆ ಸೋವಿಯತ್ ದೇಶದ ಎಲ್ಲ ಮೂಲೆಯಿಂದ ಜನ ಬಂದರು. 1989ರ ಗಣತಿಯಲ್ಲಿ ಸಾಖಾ ಜನ ತಮ್ಮದೇ ನಾಡಿನಲ್ಲಿ ಮೂರನೇ ಒಂದು ಪಾಲು ಮಾತ್ರ ಇದ್ದರು. ಸೋವಿಯತ್ ಒಡೆದ ಮೇಲೆ ಬಂದವರಲ್ಲಿ ತುಂಬಾ ಜನ ವಾಪಸ್ ಹೋದರು.

ಯ್ಸಿಯಾಖ್ ಅಂದರೆ ಏನು?

ಅವರ ಹೊಸ ವರ್ಷ. ಜೂನ್ 21ರ ಆಸುಪಾಸು. ಹಿರಿಯರೊಬ್ಬರು ಬೆಂಕಿಗೆ, ಹುಲ್ಲಿಗೆ, ದೇವತೆಗಳಿಗೆ ಕುಮಿಸ್ ಚಿಮುಕಿಸಿ ಹರಸುತ್ತಾರೆ. ಕುದುರೆ ಕಟ್ಟುವ ಕೆತ್ತನೆಯ ಕಂಬದ ಸುತ್ತ, ಕೈಕೈ ಹಿಡಿದು, ಓಸುವೊಹಾಯ್ ಅನ್ನುವ ವೃತ್ತದ ಕುಣಿತ. ಒಬ್ಬರು ಪದ ಕಟ್ಟಿ ಹಾಡಿದರೆ ಉಳಿದವರು ಅದನ್ನೇ ತಿರುಗಿ ಹಾಡುವುದು, ಸೋಬಾನೆಯ ಹಾಗೆ. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಎಲ್ಲರೂ ಅಂಗೈ ಎತ್ತಿ ಸೂರ್ಯನನ್ನು ಎದುರುಗೊಳ್ಳುತ್ತಾರೆ. ಚಳಿಗಾಲದ ಕತ್ತಲು ಕಂಡವರಿಗೆ ಸೂರ್ಯ ಅಂದರೆ ಏನು ಅಂತ ಆಗ ಗೊತ್ತಾಗುತ್ತದಂತೆ. ಆ ಬೆಳಗು ನೋಡುವ ಆಸೆ ನನಗೆ ಇನ್ನೂ ಬಾಕಿ ಇದೆ.

ವಜ್ರ ಹೇಗೆ ಸಿಕ್ಕಿತು?

ಕಾಳು ಹೆಕ್ಕುತ್ತಾ ಹೋಗಿ ಕಣಜ ಹುಡುಕಿದ ಹಾಗೆ. ವಜ್ರ ಹೊತ್ತು ತರುವ ಕಿಂಬರ್‌ಲೈಟ್ ಕಲ್ಲಿನಲ್ಲಿ ಪೈರೋಪ್ ಅನ್ನುವ ಕೆಂಪು ಹರಳೂ ಇರುತ್ತದೆ. ವಜ್ರಕ್ಕಿಂತ ಅದು ಸಾವಿರ ಪಾಲು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಲಾರಿಸಾ ಪೊಪುಗಾಯೆವಾ ಅನ್ನುವ ಭೂವಿಜ್ಞಾನಿ ಹೊಳೆಯ ಮರಳು ಜಾಲಿಸುತ್ತಾ, ಆ ಕೆಂಪು ಹರಳುಗಳ ಜಾಡು ಹಿಡಿದು ಮೇಲೆ ಮೇಲೆ ಹೋಗಿ, 1954ರ ಆಗಸ್ಟ್‌ನಲ್ಲಿ ಸೋವಿಯತ್ ದೇಶದ ಮೊದಲ ವಜ್ರದ ಕೊಳವೆ (ನೆಲದಾಳಕ್ಕೆ ಕೊಳವೆಯಂತೆ ಇಳಿದಿರುವ ಕಿಂಬರ್‌ಲೈಟ್ ಕಲ್ಲು) ಜಾರ್ನಿತ್ಸಾ ಪತ್ತೆಮಾಡಿದರು. ಮರುವರ್ಷ ಜೂನ್‌ನಲ್ಲಿ ಯೂರಿ ಖಬಾರ್ದಿನ್ ತಂಡಕ್ಕೆ ಮೀರ್ ಅನ್ನುವ ಇನ್ನೊಂದು ಕೊಳವೆ ಸಿಕ್ಕಿತು. ಮೀರ್ ಅಂದರೆ ಶಾಂತಿ. ಗುಟ್ಟು ಬಯಲಾಗಬಾರದು ಅಂತ ಅವರು ರೇಡಿಯೋದಲ್ಲಿ "ಶಾಂತಿಯ ಚಿಲುಮೆ ಹಚ್ಚಿದೆವು, ಹೊಗೆಸೊಪ್ಪು ಬಹಳ ಚೆನ್ನಾಗಿದೆ" ಅಂತ ಸಂದೇಶ ಕಳಿಸಿದರು ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ.

ಇಂಟರ್ನೆಟ್‌ನಲ್ಲಿ ಬರುವ ಆ ದೊಡ್ಡ ಗುಂಡಿ ಅದೇನಾ?

ಅದೇ. ಮಿರ್ನಿ ಊರಿನ ಪಕ್ಕದ ಮೀರ್ ಗಣಿ. ಅಡ್ಡಳತೆ ಸುಮಾರು 1.2 ಕಿಲೋಮೀಟರ್, ಆಳ 525 ಮೀಟರ್. 1957ರಿಂದ 2001ರವರೆಗೆ ಮೇಲಿನಿಂದ ಅಗೆದರು, 2009ರಿಂದ ಸುರಂಗ. ಚಿತ್ರ ನೋಡಿ ಬೆರಗಾಗುವವರು ಇದನ್ನೂ ತಿಳಿದಿರಲಿ: 2017ರ ಆಗಸ್ಟ್ 4ರಂದು ಹಳೆಯ ಗುಂಡಿಯಲ್ಲಿ ನಿಂತಿದ್ದ ನೀರು ಸುರಂಗಕ್ಕೆ ನುಗ್ಗಿತು. ನೂರೈವತ್ತರಷ್ಟು ಜನ ಕೆಳಗಿದ್ದರು, 8 ಮಂದಿ ಮೇಲೆ ಬರಲೇ ಇಲ್ಲ. ಗಣಿ ಅಂದಿನಿಂದ ನಿಂತಿದೆ.

ವಜ್ರದ ದುಡ್ಡು ಯಾರಿಗೆ ಹೋಗುತ್ತದೆ?

ಇದು ಬಹಳ ಮುಖ್ಯವಾದ ಪ್ರಶ್ನೆ, ಆದರೆ ಕೇಳುವವರು ಕಮ್ಮಿ. ಅಲ್ಲಿನ ವಜ್ರದ ಕಂಪನಿ ಅಲ್‌ರೋಸಾ. ತೂಕದ ಲೆಕ್ಕದಲ್ಲಿ ರಷ್ಯಾ ಪ್ರಪಂಚದಲ್ಲೇ ಅತಿ ಹೆಚ್ಚು ವಜ್ರ ತೆಗೆಯುವ ದೇಶ, ಅದರಲ್ಲಿ ಬಹುಪಾಲು ಈ ಒಂದೇ ಕಂಪನಿಯದು. ಇದರ 33 ಶೇಕಡ ಷೇರು ರಷ್ಯಾ ಸರ್ಕಾರದ್ದು, 25 ಶೇಕಡ ಸಾಖಾ ಗಣರಾಜ್ಯದ್ದು, 8 ಶೇಕಡ ಗಣಿ ಇರುವ ತಾಲೂಕುಗಳದ್ದು, ಉಳಿದದ್ದು ಮಾರುಕಟ್ಟೆಯಲ್ಲಿದೆ. ತಾಲೂಕಿಗೂ ಷೇರು ಕೊಟ್ಟಿರುವುದು ನನಗೆ ತುಂಬಾ ಸರಿ ಅನ್ನಿಸಿತು. ಬಳ್ಳಾರಿಯಿಂದ ಅದಿರು ಹೋಗುವುದನ್ನು ನೋಡಿದ ನಮಗೆ ಅದರ ಬೆಲೆ ಗೊತ್ತು.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಗಣಿಗಳಿಗೆ ಕರೆಂಟ್ ಬೇಕು ಅಂತ ವಿಲ್ಯುಯ್ ನದಿಗೆ ಅಣೆಕಟ್ಟು ಕಟ್ಟಿದಾಗ ಹುಲ್ಲುಗಾವಲು ಮುಳುಗಿತು. ಸೋವಿಯತ್ ಕಾಲದಲ್ಲಿ ಗಣಿ, ಭೂಶೋಧನೆ ಅಂತೆಲ್ಲ ನೆಲದೊಳಗೆ ಅಣುಸ್ಫೋಟ ಮಾಡಿದ್ದಾರೆ, ಅದರಲ್ಲಿ 1974 ಮತ್ತು 1978ರ ಎರಡು ಸ್ಫೋಟಗಳ ವಿಕಿರಣ ಹೊರಗೆ ಬಂತು. 2018ರ ಆಗಸ್ಟ್‌ನಲ್ಲಿ ಜೋರು ಮಳೆಗೆ ವಜ್ರ ತೊಳೆಯುವ ಜಾಗದ ಒಡ್ಡುಗಳು ಒಡೆದು ವಿಲ್ಯುಯ್ ನದಿ ಕೆಂಪಾಗಿ ಹರಿಯಿತು. ಕೆಳಗಿನ ಹಳ್ಳಿಗಳು ಕುಡಿಯುವುದು ಅದೇ ನೀರು.

ಭಾರತಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಿಮ್ಮ ಮನೆಯ ಮೂಗುಬೊಟ್ಟಿನಲ್ಲೇ ಇರಬಹುದು. ಪ್ರಪಂಚದ ಬಹುಪಾಲು ವಜ್ರಗಳಿಗೆ ಸಾಣೆ ಹಿಡಿಯುವುದು ಸೂರತ್‌ನಲ್ಲಿ, ಯಾಕುತಿಯಾದ ಕಚ್ಚಾ ವಜ್ರವೂ ಅಲ್ಲಿಗೆ ಬರುತ್ತದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ಅಮೆರಿಕ ಅಲ್‌ರೋಸಾ ಮೇಲೆ ನಿರ್ಬಂಧ ಹಾಕಿತು. 2024ರಲ್ಲಿ ಜಿ7 ದೇಶಗಳು ರಷ್ಯಾದ ವಜ್ರವನ್ನು ಬೇರೆ ದೇಶದಲ್ಲಿ ಸಾಣೆ ಹಿಡಿಸಿ ತಂದರೂ ಬೇಡ ಅಂದವು. ಅದರ ಬಿಸಿ ಮಿರ್ನಿಯ ಗಣಿ ಕೆಲಸಗಾರನಿಗೂ ಸೂರತ್‌ನ ಕುಶಲಕರ್ಮಿಗೂ ಒಟ್ಟಿಗೇ ತಟ್ಟಿತು.

ವಜ್ರ ಬಿಟ್ಟು ಇನ್ನೇನಿದೆ?

ಚಿನ್ನ, ಅಲ್ದಾನ್ ಕಡೆ 1923ರಿಂದ ತೆಗೆಯುತ್ತಿದ್ದಾರೆ. ದಕ್ಷಿಣದ ನೆರ್ಯುಂಗ್ರಿಯಲ್ಲಿ ಕಲ್ಲಿದ್ದಲು. ಎಣ್ಣೆ, ಗ್ಯಾಸ್: ಚಯಾಂದಾ ಬಾವಿಗಳಿಂದ 2019ರ ಡಿಸೆಂಬರ್‌ನಲ್ಲಿ ಚೀನಾಕ್ಕೆ ಪೈಪ್‌ಲೈನ್ ಶುರುವಾಯಿತು. ತವರ, ಆಂಟಿಮನಿ ಕೂಡ ಇವೆ.

ಇನ್ನೊಂದು ಆಶ್ಚರ್ಯದ ಸರಕು ಮ್ಯಾಮತ್ ದಂತ. ಸಾವಿರಾರು ವರ್ಷಗಳ ಹಿಂದೆ ಸತ್ತ ರೋಮದ ಆನೆಗಳ ದಂತ ಕರಗುವ ನದಿದಡದಲ್ಲಿ ಹೊರಗೆ ಬರುತ್ತದೆ. ಉತ್ತರದ ಹಳ್ಳಿಗಳ ಗಂಡಸರು ಬೇಸಿಗೆಯೆಲ್ಲ ಅದನ್ನು ಹುಡುಕುತ್ತಾ ಅಲೆಯುತ್ತಾರೆ. ಕೆಲವರಿಗೆ ವರ್ಷದ ಆದಾಯ ಅದೊಂದೇ. ಕೆಲವು ಸಲ ಇಡೀ ಪ್ರಾಣಿಯೇ ಸಿಗುತ್ತದೆ: 2024ರಲ್ಲಿ ಬತಗಾಯ್ ಹತ್ತಿರ ಸಿಕ್ಕ ಮ್ಯಾಮತ್ ಮರಿಗೆ ಯಾನಾ ಅಂತ ಹೆಸರಿಟ್ಟಿದ್ದಾರೆ, ಸತ್ತು 50 ಸಾವಿರ ವರ್ಷಕ್ಕೂ ಜಾಸ್ತಿಯಾಗಿದೆ, ಸೊಂಡಿಲು ಹಾಗೇ ಇದೆ.

ಗಣಿ ಮುಗಿದರೆ ಊರು ಏನಾಗುತ್ತದೆ?

ಕೆಜಿಎಫ್ ನೋಡಿದವರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. 2001ರಲ್ಲಿ ಗಣಿ ಮುಚ್ಚಿದಾಗ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಿಲ್ಲ. ಆದರೆ ಕೆಜಿಎಫ್ ಜನಕ್ಕೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ದಾರಿಯಾದರೂ ಇತ್ತು. ಯಾಕುತಿಯಾದ ಉತ್ತರದ ಗಣಿ ಊರುಗಳಿಗೆ ಅದೂ ಇಲ್ಲ. ಸೋವಿಯತ್ ಮುಗಿದ ಮೇಲೆ ಅಂಥ ಎಷ್ಟೋ ಊರು ಖಾಲಿಯಾದವು, ಕಿಟಕಿ ಇಲ್ಲದ ಅಪಾರ್ಟ್‌ಮೆಂಟುಗಳು ಹಿಮದಲ್ಲಿ ನಿಂತಿವೆ.

ರಸ್ತೆ, ರೈಲು ಇದೆಯಾ?

ರೈಲು ಇದೆ, ಯಾಕುತ್ಸ್ಕ್ ಎದುರಿನ ದಡದವರೆಗೆ. 2019ರಿಂದ ನೀಜ್ನಿ ಬೆಸ್ತ್ಯಾಖ್‌ಗೆ ಪ್ರಯಾಣಿಕರ ರೈಲು ಬರುತ್ತದೆ. ಅಲ್ಲಿಂದ ಲೇನಾ ನದಿ ದಾಟಬೇಕು. ಅಲ್ಲಿ ನದಿಗೆ ಸೇತುವೆ ಇಲ್ಲ, ದಶಕಗಳ ಮಾತುಕತೆಯ ಮೇಲೆ ಈಗ ಕೆಲಸ ಶುರುವಾಗಿದೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನದಿಯ ಮೇಲೇ ರಸ್ತೆ. ಲಾರಿಗಳು ಸಾಲಾಗಿ ಹೋಗುತ್ತವೆ, ಟ್ರಾಫಿಕ್ ಬೋರ್ಡ್ ಕೂಡ ನೆಡುತ್ತಾರೆ. ಮಂಜು ಕಟ್ಟುವಾಗ ಮತ್ತು ಒಡೆಯುವಾಗ ಕೆಲವು ವಾರ ಎರಡೂ ಆಗುವುದಿಲ್ಲ.

ದೂರದ ಹಳ್ಳಿಗಳಿಗೆ ರಸ್ತೆ ಅಂದರೆ ಚಳಿಗಾಲ. ಜೌಗು, ನದಿ ಎಲ್ಲ ಗಟ್ಟಿಯಾದಾಗ ಮಾತ್ರ ಲಾರಿ ಹೋಗಬಲ್ಲದು. ಸೀಮೆಎಣ್ಣೆ, ಹಿಟ್ಟು, ಕಲ್ಲಿದ್ದಲು, ಶಾಲೆಯ ಪುಸ್ತಕ, ವರ್ಷದ್ದೆಲ್ಲ ಆ ಕೆಲವು ತಿಂಗಳಲ್ಲಿ ಅಥವಾ ಬೇಸಿಗೆಯ ಹಡಗಿನಲ್ಲಿ ತಲುಪಬೇಕು. ಹಾಗಾಗಿ ಚಳಿ ಕಮ್ಮಿಯಾದರೆ ಒಳ್ಳೆಯದಲ್ವಾ ಅಂತ ಕೇಳಬೇಡಿ.

ಸರಿ, ನೆಲ ಕರಗುತ್ತಿದೆ ಅನ್ನುವುದು ನಿಜವಾ?

ನಿಜ. ಮೈನಸ್ 67.8ಕ್ಕೆ ಇಳಿದಿದ್ದ ಅದೇ ವೆರ್ಖೋಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಇತ್ತು. ಆರ್ಕ್ಟಿಕ್ ವೃತ್ತದ ಒಳಗಿನ ದಾಖಲೆ ಅದು, ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಮರುವರ್ಷ 2021ರ ಕಾಡ್ಗಿಚ್ಚಿನಲ್ಲಿ 80 ಲಕ್ಷ ಹೆಕ್ಟೇರ್‌ಗೂ ಜಾಸ್ತಿ ಸುಟ್ಟಿತು, ಹೊಗೆ ಉತ್ತರ ಧ್ರುವದವರೆಗೆ ಹೋಯಿತು. ಕಾಡು ಸುಟ್ಟರೆ ನೆರಳು ಹೋಯಿತು, ನೆರಳು ಹೋದರೆ ನೆಲ ಇನ್ನೂ ಕರಗುತ್ತದೆ.

ಈ ನೆಲದಲ್ಲಿ ಎಷ್ಟೋ ಕಡೆ ಅರ್ಧಕ್ಕಿಂತ ಜಾಸ್ತಿ ಬರೀ ಮಂಜುಗಡ್ಡೆ. ಅದು ಕರಗಿದರೆ ಮೇಲಿನ ಮಣ್ಣು ಕುಸಿಯುತ್ತದೆ. ಚುರಾಪ್ಚಾ ಎಂಬ ಊರಿನಲ್ಲಿ ಸಮತಟ್ಟಾಗಿದ್ದ ಹೊಲ, ಅಂಗಳ ಎಲ್ಲ ಗುಡ್ಡೆ ಗುಡ್ಡೆಯಾಗಿ ಏಳುಬೀಳಾಗಿವೆ, ಹಳೆಯ ವಿಮಾನ ಪಟ್ಟಿ ಕೆಲಸಕ್ಕೆ ಬಾರದಂತಾಗಿದೆ. ಬತಗಾಯ್‌ನಲ್ಲಿ ಸೋವಿಯತ್ ಕಾಲದಲ್ಲಿ ಕಾಡು ಕಡಿದ ಜಾಗ ಕುಸಿಯುತ್ತಾ ಕುಸಿಯುತ್ತಾ ಒಂದು ಕಿಲೋಮೀಟರ್ ಉದ್ದದ ಕಂದರವಾಗಿದೆ, ವರ್ಷ ವರ್ಷ ಬೆಳೆಯುತ್ತಿದೆ. ನಗರದಲ್ಲಿ ಕಂಬದ ಮೇಲಿನ ಮನೆಗಳು ಬಿರುಕು ಬಿಡುತ್ತಿವೆ. ನೆಲಮಾಳಿಗೆಗಳಲ್ಲಿ ನೀರು ನಿಲ್ಲುತ್ತಿದೆ, ಅಜ್ಜನ ಕಾಲದಿಂದ ಬಂದ ಬುಲೂಸ್ ಮುಚ್ಚಿ ಫ್ರೀಜರ್ ಕೊಳ್ಳುವವರಿದ್ದಾರೆ.

ನಾನಿದ್ದ ಮನೆಯ ಅಜ್ಜಿ ಅಡುಗೆಮನೆಯ ಗೋಡೆ ತೋರಿಸಿದರು. ಬಿರುಕಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗೆರೆ, ಪ್ರತಿ ಗೆರೆಯ ಪಕ್ಕ ಇಸವಿ. ಮಕ್ಕಳ ಎತ್ತರ ಗುರುತು ಹಾಕುವ ಹಾಗೆ ಬಿರುಕಿನ ಉದ್ದ ಗುರುತು ಹಾಕಿದ್ದರು.

ಅಲ್ಲಿನವರು ಕೈಕಟ್ಟಿ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಚೆರ್ಸ್ಕಿ ಹತ್ತಿರ ಸೆರ್ಗೆಯ್ ಜಿಮೋವ್ ಅನ್ನುವ ವಿಜ್ಞಾನಿ 1996ರಿಂದ ಕುದುರೆ, ಕಾಡುಕೋಣದಂಥ ಪ್ರಾಣಿಗಳನ್ನು ಬಯಲಿಗೆ ಬಿಟ್ಟು ಸಾಕುತ್ತಿದ್ದಾರೆ. ಹಿಮ ಕಂಬಳಿಯಂತೆ ನೆಲವನ್ನು ಬೆಚ್ಚಗಿಡುತ್ತದೆ, ಪ್ರಾಣಿಗಳು ಅದನ್ನು ತುಳಿದು ಕೆದರಿದರೆ ಚಳಿ ಒಳಗಿಳಿದು ನೆಲ ಹೆಪ್ಪಾಗಿ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ.

ಯುದ್ಧದ ಬಗ್ಗೆ ಅಲ್ಲಿನವರು ಏನಂತಾರೆ?

ಬಹಿರಂಗವಾಗಿ ಮಾತಾಡುವುದು ಸುಲಭ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಗಂಡಸರನ್ನು ಸೇನೆಗೆ ಕರೆದಾಗ ಯಾಕುತ್ಸ್ಕ್‌ನ ಚೌಕದಲ್ಲಿ ಹೆಂಗಸರು ಕೈಕೈ ಹಿಡಿದು ಓಸುವೊಹಾಯ್ ವೃತ್ತ ಕಟ್ಟಿ ಯುದ್ಧ ಬೇಡ ಅಂದರು. ಪೊಲೀಸರು ಹಲವರನ್ನು ಹಿಡಿದುಕೊಂಡು ಹೋದರು.

ಹೋಗಬೇಕು ಅಂದರೆ?

ಭಾರತೀಯರಿಗೆ 2023ರ ಆಗಸ್ಟ್‌ನಿಂದ ರಷ್ಯಾದ ಇ-ವೀಸಾ ಸಿಗುತ್ತದೆ. ಹೊರಡುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿಕೊಳ್ಳಿ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಬೇಕು. ಮೊದಲ ಸಲಕ್ಕೆ ಮಾರ್ಚ್ ಒಳ್ಳೆಯದು, ಬಿಸಿಲಿರುತ್ತದೆ, ನದಿಯ ಮೇಲಿನ ರಸ್ತೆಯೂ ಇರುತ್ತದೆ. ಹಬ್ಬ ನೋಡಬೇಕೆಂದರೆ ಜೂನ್. ಬಟ್ಟೆ ಇಲ್ಲಿಂದ ಕೊಳ್ಳಬೇಡಿ, ಅಲ್ಲಿ ಕೊಳ್ಳಿ.

ಕೊನೆಗೆ, ಆ ಮೋರ್ಸಿಂಗ್ ವಿಷಯ?

ಅದರ ಹೆಸರು ಖೋಮುಸ್. ಕಮ್ಮಾರರು ಕಾಯಿಸಿ ಬಡಿದು ಮಾಡುತ್ತಾರೆ, ಒಳ್ಳೆಯ ಕಮ್ಮಾರನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಯಾಕುತ್ಸ್ಕ್‌ನಲ್ಲಿ ಅದಕ್ಕೇ ಒಂದು ಮ್ಯೂಸಿಯಂ ಇದೆ, ದೇಶ ದೇಶದ ಮೋರ್ಸಿಂಗ್‌ಗಳನ್ನು ಇಟ್ಟಿದ್ದಾರೆ. ನಮ್ಮ ಕಡೆ ಮೋರ್ಸಿಂಗ್ ಮೃದಂಗದ ಜೊತೆ ಕೂತು ತಾಳದ ಲೆಕ್ಕ ನುಡಿಸುತ್ತದೆ. ಅವರಲ್ಲಿ ಅದಕ್ಕೆ ಲೆಕ್ಕವೇ ಇಲ್ಲ, ಕೋಗಿಲೆ ಬಂದರೆ ಕೋಗಿಲೆ, ಹಿಮಗಾಳಿ ಬಂದರೆ ಹಿಮಗಾಳಿ. ನಾನು ಆದಿತಾಳದಲ್ಲಿ ಒಂದು ಚಿಕ್ಕ ಮುಕ್ತಾಯ ನುಡಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ಯಾವ ಪ್ರಾಣಿ ಓಡುವ ಸದ್ದು ಅಂತ ಕೇಳಿದರು.

ಮರುದಿನ ಬೆಳಗ್ಗೆ ಹೊರಗೆ ಹಿಮದಲ್ಲಿ ನಿಂತು ನುಡಿಸಲು ಹೊರಟೆ. ಅವರು ಬಾಗಿಲಲ್ಲೇ ತಡೆದರು. ಮೈನಸ್ 28ರಲ್ಲಿ ಕಬ್ಬಿಣ ತುಟಿಗೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ. ಖೋಮುಸ್ ಅನ್ನು ಕೆತ್ತನೆಯ ಮರದ ಪೆಟ್ಟಿಗೆಯಲ್ಲಿ ಹಾಕಿ, ಕೋಟಿನ ಒಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಬೇಕು, ಮೈಬಿಸಿ ಹತ್ತಿದ ಮೇಲೆ ಬಾಯಿಗೆ ಇಡಬೇಕು ಅಂತ ತೋರಿಸಿಕೊಟ್ಟರು. ನಾನು ಹಾಗೇ ಮಾಡಿದೆ.